ಮೀಸುವ ಕಲ್ಲು

ಹಾರೆಯನ್ನು ಕಲ್ಲಿನ ಅಡಿಗೆ ತೂರಿಸಿ ಚಂದಯ್ಯ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕಲ್ಲು ಕದಲಲಿಲ್ಲ. ಆಚೆ ಬದಿಯಲ್ಲಿ ಇನ್ನೊಂದು ಹಾರೆ ಹಿಡಿದಿದ್ದ ಆಳು ಗುಡ್ಡ ಹಲ್ಲು ಕಚ್ಚಿ ಉಸಿರು ಬಿಗಿಹಿಡಿದಿದ್ದನೇ ಹೊರತು ಒತ್ತಿರಲಿಲ್ಲ.

"ಹ್ವಾಯ್ ಗುಡ್ಡ, ಹಾರೆ ಹಿಡ್ಕಂಡ್ ಪಟ ತೆಗ್ಸುಕೆ ನಿಂತದ್ದಾ ನೀನ್? ಒತ್ತ್ ಮರಾಯ."

ಗುಡ್ಡ ಒತ್ತಿದ. ಹಟ್ಟಿಯ ಹಿಂದೆ ಹಲಸಿನ ಮರದ ಬುಡದಲ್ಲಿ, ಅಮ್ಮ ಸತ್ತ ವರ್ಷದಿಂದ ಮಲಗಿದ್ದ ಕಲ್ಲು ಬೇರು ಕಿತ್ತಂತೆ ಸದ್ದು ಮಾಡಿ ಎದ್ದಿತು. ಅಡಿಗೆ ಬಾಳೆದಿಂಡು ಕೊಟ್ಟು ಅಂಗಳದ ತನಕ ಉರುಳಿಸಿಕೊಂಡು ಬರಬೇಕು. ಆಳುದ್ದದ ಕಲ್ಲು. ಹೊಳೆಬಾಗಿಲು ಮನೆಯಲ್ಲಿ ಯಾರು ಸತ್ತರೂ ಕೊನೆಯ ನೀರು ಹೊಯ್ಯುವುದು ಇದರ ಮೇಲೆಯೇ. ಮೀಸುವ ಕಲ್ಲು ಎಂದೇ ಅದಕ್ಕೆ ಹೆಸರು. ಉಳಿದ ದಿನಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಕೋಳಿ ಹತ್ತಿ ಕೂತರೂ ಓಡಿಸುತ್ತಾರೆ. ಸಾವಿನ ದಿನ ಅಂಗಳಕ್ಕೆ ಬಂದದ್ದು ದೀಪ ಹಚ್ಚುವ ಮೊದಲು ಮರದ ಬುಡಕ್ಕೆ ಹೋಗಬೇಕು. ಯಾವ ಮಗ್ಗುಲು ಮೇಲಿತ್ತೋ ಆ ಮಗ್ಗುಲೇ ಮೇಲಿರಬೇಕು. ಮಗುಚಿದರೆ ವರ್ಷದೊಳಗೆ ಕಲ್ಲು ಇನ್ನೊಂದು ಹೆಣ ಕೇಳುತ್ತದೆ. ಇದು ಯಾರು ಮಾಡಿದ ಕಟ್ಟಳೆಯೋ, ಅಮ್ಮ ಹೇಳುತ್ತಿದ್ದಳು, ಅವಳ ಅಮ್ಮ ಅವಳಿಗೆ ಹೇಳಿದ್ದಳು.

ಹಟ್ಟಿಯ ಮೂಲೆ ತಿರುಗುವಾಗ ದಿಂಡು ಜಾರಿತು. ಕಲ್ಲು ನೆಲಕ್ಕೆ ಬಡಿಯದಂತೆ ಚಂದಯ್ಯ ಅಂಚಿಗೆ ಕೈ ಕೊಟ್ಟ. ಬೆರಳುಗಳು ಅಡಿಗೆ ಹೋದವು. ಗೆರೆ. ಗೆರೆಯ ಪಕ್ಕ ಒಂದು ಗುಂಡನೆಯ ತಗ್ಗು. ಅದರ ಪಕ್ಕ ಒಂದು ಕೊಕ್ಕೆ. ಕಾದ ಕಾವಲಿ ಮುಟ್ಟಿದವನಂತೆ ಅವನು ಕೈ ತೆಗೆದ.

"ಎಂತ ಆಯ್ತ್ ಒಡೆರೆ, ಚೇಳಾ?" ಎಂದ ಗುಡ್ಡ.

"ಚೇಳಲ್ಲ. ನೀ ಎಳಿ."

ಅಂಗಳದಲ್ಲಿ ಬಾಳೆಎಲೆಯ ಮೇಲೆ ಮಂಜಯ್ಯ ಮಾಸ್ತರರು ಮಲಗಿದ್ದರು. ಚಂದಯ್ಯನ ಅಣ್ಣ. ಬ್ರಹ್ಮಾವರದ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿ, ಅಲ್ಲೇ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದವರು. ನಿನ್ನೆ ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಅವರ ಪೈಕಿಯಲ್ಲಿ ಗಂಡಸು ಎಲ್ಲೇ ಸಂಸಾರ ಮಾಡಲಿ, ಸತ್ತ ಮೇಲೆ ತಾಯಿಯ ಮನೆಗೆ ಬರಬೇಕು. ಹಾಗೆ ಬೆಳಗಾಗುವಾಗ ಬಾಡಿಗೆ ಕಾರು ಸಾಸ್ತಾನದಿಂದ ಒಳಗಿನ ಮಣ್ಣುದಾರಿಯಲ್ಲಿ ಹೊಯ್ದಾಡುತ್ತಾ ಬಂತು. ಹಿಂದಿನ ಸೀಟಿನಲ್ಲಿ ಕುಸುಮಾವತಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಕಾರಿನಿಂದ ಇಳಿಯುವಾಗಲೂ ಅದನ್ನು ಯಾರ ಕೈಗೂ ಕೊಡಲಿಲ್ಲ.

ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆ; ಮನೆ ಅಕ್ಕ ಸುಂದರಿಯದು, ಯಜಮಾನಿಕೆ ಚಂದಯ್ಯನದು. ಕುಸುಮಾವತಿ ಇಲ್ಲಿಗೆ ಬೇರೆ ಮನೆಯವಳು. ಗಂಡ ಬದುಕಿದ್ದಾಗಲೂ ಹಬ್ಬಕ್ಕೆ ಬಂದು ಹೋಗುವ ನೆಂಟಳು. ಇವತ್ತು ಹೆಣದ ಪಕ್ಕ ಕೂತದ್ದೂ ಹಾಗೆಯೇ, ಜಾಗ ಹೆಚ್ಚು ಹಿಡಿಯದ ಹಾಗೆ.

ಗುಡ್ಡೆಯ ಕಡೆಯಿಂದ ಮರ ಕಡಿಯುವ ಸದ್ದು ಬರುತ್ತಿತ್ತು. ಸೋಮ ಮತ್ತು ಇನ್ನಿಬ್ಬರು ಆಳುಗಳು ಕಾಟಕ್ಕೆ, ಚಿತೆಯ ಸೌದೆಗೆ, ಮಾವಿನ ಮರ ಉರುಳಿಸುತ್ತಿದ್ದರು. ಚಾವಡಿಯ ಕೆಳಗೆ ಬೆಂಚಿನಲ್ಲಿ ಕೂತ ಗಂಡಸರು ಮಾಸ್ತರರ ಪುಸ್ತಕಗಳ ಮಾತು ಎತ್ತಿದ್ದರು. ಎರಡು ಪುಸ್ತಕ ಬರೆದಿದ್ದರು. ಮೊದಲನೆಯದು ಈ ಕಡೆಯ ಹಳೆಯ ಕವಿಯೊಬ್ಬನ ಕಾವ್ಯದ ಮೇಲೆ. ಆ ಕವಿ ಯಾವ ಕಾಲದವನು ಎಂದು ಹುಡುಕುತ್ತಾ ಹೊರಟವರಿಗೆ ದಾರಿಯಲ್ಲಿ ಬರಹದ ಕಲ್ಲುಗಳು ಸಿಕ್ಕವು. ಕವಿ ಅಲ್ಲೇ ಉಳಿದ, ಮಾಸ್ತರರು ಕಲ್ಲಿನ ಹಿಂದೆ ಹೋದರು. ಎರಡನೆಯ ಪುಸ್ತಕ ಬೈಂದೂರಿನಿಂದ ಬ್ರಹ್ಮಾವರದವರೆಗೆ, ಕಡಲ ಬದಿಯಿಂದ ಅಮಾಸೆಬೈಲಿನ ತನಕ, ಯಾರೂ ಬರೆಯದ ಊರುಗಳ ಚರಿತ್ರೆ. ಮೈಸೂರಿನಿಂದ, ಧಾರವಾಡದಿಂದ ವಿದ್ವಾಂಸರು ಮೆಚ್ಚಿ ಬರೆದಿದ್ದರಂತೆ. ಬೆಂಚಿನಲ್ಲಿ ಕೂತವರಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ. ಆದರೆ ಪ್ರತಿಯೊಬ್ಬನ ಊರಿಗೂ ಮಾಸ್ತರರು ಬಂದು ಹೋಗಿದ್ದರು.

"ನಮ್ಮ ಗದ್ದೆ ಅಂಚಿನ ಕಲ್ಲ್ ಕಾಂಬುಕೆ ಬಂದಿದ್ರ್," ಎಂದ ಸಾಸ್ತಾನದ ಪದ್ದು ಶೆಟ್ಟಿ. "ಕಾಗ್ದ ಹಾಕಿ ಅರ್ಧ ದಿನ ಕುಟ್ಟಿದ್ರ್. ನಮ್ಮ ಅಪ್ಪಯ್ಯಂಗೆ ಮಂಡೆಬಿಸಿ, ಬಂಗಾರ ಇತ್ತೇನೋ ಅಂದೇಳಿ. ಮಾಸ್ಟ್ರ್ ಬಸ್ ಹತ್ತುಕೆ ಪುರ್ಸೊತ್ತಿಲ್ಲ, ಅಪ್ಪಯ್ಯ ಹಾರೆ ಪಿಕಾಸಿ ತಕಂಡ್ ಇಳಿದ್ರ್. ಬಂಗಾರ ಎಲ್ಲಿತ್ತ್? ನೀರ್ ಬಂತ್. ಈಗ್ಳೂ ನಾವ್ ಕುಡುದ್ ಅದೇ ಬಾಮಿ ನೀರ್."

ಬೆಂಚು ನಕ್ಕಿತು, ಕೂಡಲೇ ಸುಮ್ಮನಾಯಿತು. ಕುಸುಮಾವತಿಯ ಮುಖದಲ್ಲೂ ಏನೋ ಅಲುಗಿದಂತಾಯಿತು. ಆ ದಿನ ಗಂಡನ ಜೊತೆ ಅವಳೂ ಇದ್ದಿರಬೇಕು. ಚಂದಯ್ಯ ಮಾತ್ರ ಕಲ್ಲಿನ ತಲೆಯ ಕಡೆಗೆ ತೆಂಗಿನ ಸಿಪ್ಪೆಯ ಒತ್ತು ಕೊಡುತ್ತಾ ಬಗ್ಗಿಯೇ ಇದ್ದ. ನೀರು ಕಾಲಿನ ಕಡೆಗೆ ಇಳಿಯಬೇಕಲ್ಲ. ಹಿಂದೆ ಈ ಒತ್ತು ಕೊಟ್ಟವನು ಅಣ್ಣ.

*

ಐವತ್ತೆಂಟನೆಯ ಇಸವಿಯಲ್ಲಿ ಅಮ್ಮ ಸತ್ತಾಗ ಕಲ್ಲನ್ನು ಇದೇ ಜಾಗಕ್ಕೆ ತಂದಿದ್ದರು. ಹೆಂಗಸರು ಅಮ್ಮನಿಗೆ ಎಣ್ಣೆ ಅರಿಶಿನ ಹಚ್ಚಿ ಮಲಗಿಸಿಯಾಗಿತ್ತು. ಒತ್ತು ಸರಿಯಾಗಿಲ್ಲ, ನೀರು ತಲೆಯ ಕಡೆ ನಿಲ್ಲುತ್ತದೆ ಎಂದು ಸುಂದರಿ ಹೇಳಿದಳು. ಮಂಜಯ್ಯ ಮೊಣಕಾಲೂರಿ ಅಡಿಗೆ ಕೈ ಹಾಕಿದ. ಹಾಕಿದ ಕೈ ಹೊರಗೆ ಬರಲೇ ಇಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬೆರಳು ಅಡಿಯಲ್ಲಿ ಮೆಲ್ಲಗೆ ಸರಿಯುತ್ತಿತ್ತು. ಪಕ್ಕದಲ್ಲಿದ್ದ ತಮ್ಮನ ಕಿವಿಯ ಹತ್ತಿರ ಬಗ್ಗಿ ಅವನು ಹೇಳಿದ:

"ಚಂದ, ಅಡಿಯಂಗೆ ಅಕ್ಷರ ಇತ್ತ್."

ಚಂದಯ್ಯನಿಗೆ ಆ ಕ್ಷಣ ಏನಾಯಿತೆಂದು ಅವನಿಗೇ ಗೊತ್ತಿಲ್ಲ. ಎದ್ದು ನಿಂತು, ಊರಿನವರೆಲ್ಲರ ಎದುರು ಅಣ್ಣನ ರಟ್ಟೆ ಹಿಡಿದು ಎಳೆದ.

"ಅಮ್ಮ ಮಲಗಿದ್ಲ್ ಇಲ್ಲಿ. ನಿಂಗೆ ಅಕ್ಷರ ಕಾಣತ್ತಾ? ಎದ್ದ್ ಹೋಗ್ ಆಚಿಗೆ."

ಮಂಜಯ್ಯ ಎದ್ದು ಹೋದ. ತೆಂಗಿನ ಮರಕ್ಕೆ ಒರಗಿ ನಿಂತು ದೂರದಿಂದಲೇ ಅಮ್ಮನಿಗೆ ನೀರು ಹೊಯ್ಯುವುದನ್ನು ನೋಡಿದ. ಸಂಜೆ ದೀಪ ಹಚ್ಚುವ ಮೊದಲು ಕಲ್ಲು ತನ್ನ ಜಾಗಕ್ಕೆ, ತನ್ನ ಮಗ್ಗುಲಿಗೆ ಹೋಯಿತು. ಬೊಜ್ಜದ ಉತ್ತರಕ್ರಿಯೆ ಮುಗಿದ ಮಾರನೆಯ ದಿನ, ಹೊರಡುವಾಗ, ಒಂದು ಸಲ ಮಗುಚಿ ನೋಡಲೇ ಎಂದು ಅವನು ಕೇಳಿದ. ಆಗದು ಎಂದ ಚಂದಯ್ಯ. ಆಮೇಲೆ ಹಬ್ಬಕ್ಕೆ ಬಂದಾಗಲೆಲ್ಲ ಅಣ್ಣ ಹಟ್ಟಿಯ ಹಿಂದೆ ಹೋಗಿ ಹಲಸಿನ ಮರ ನೋಡುವವನಂತೆ ನಿಂತು ಬರುತ್ತಿದ್ದ. ಬಾಯಿ ಬಿಟ್ಟು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಜಗಳವಾದರೂ ಆಡಬಹುದಿತ್ತು.

*

ಬಿಸಿನೀರಿನ ಹಂಡೆ ಬಂತು. ಎಣ್ಣೆ, ಅರಿಶಿನ, ಹೊಸ ಬಿಳಿಬಟ್ಟೆ ಬಂದವು. ಗುಡ್ಡೆಯ ಕಡೆ ಕೊಡಲಿಯ ಸದ್ದು ನಿಂತಿತು. ಸೌದೆ ಆಯಿತೆಂದು ಅರ್ಥ. ಇನ್ನು ತಡಮಾಡುವಂತಿಲ್ಲ.

ಆಗ ಕುಸುಮಾವತಿ ಚೀಲಕ್ಕೆ ಕೈ ಹಾಕಿ ಒಂದು ಬ್ರಷ್ ತೆಗೆದಳು. ಅಗಲದ ಬ್ರಷ್, ಕೂದಲು ಸವೆದು ಒಂದು ಕಡೆಗೆ ವಾಲಿತ್ತು. ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಕಾಗದ ಅಕ್ಷರದ ಒಳಗೆ ಇಳಿಯುವ ತನಕ ಕುಟ್ಟುತ್ತಿದ್ದದ್ದು ಇದರಲ್ಲೇ. ಆಮೇಲೆ ಮೇಲಿಂದ ಬಟ್ಟೆಯ ಉಂಡೆಯಲ್ಲಿ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಅವಳು ಅದನ್ನು ಚಂದಯ್ಯನ ಕಡೆ ಚಾಚಿದಳು.

"ಇದನ್ನ ಅವ್ರ ಒಟ್ಟಿಗೆ ಇಡಿ. ಬೇರೆ ಎಂತದೂ ಇಲ್ಲ ಅವ್ರದ್ದ್."

ಚಂದಯ್ಯ ಬ್ರಷ್ ತೆಗೆದುಕೊಂಡ. ಕೂದಲಿನ ಬುಡದಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು.

*

ಎರಡನೆಯ ಪುಸ್ತಕ ಅಚ್ಚಾಗಿ ಬಂದಾಗ ಅಣ್ಣ ಒಂದು ಪ್ರತಿಯನ್ನು ಮನೆಗೆ ಕಳಿಸಿದ್ದ. ಮೊದಲಿನದರಲ್ಲಿ ಚಂದಯ್ಯ ಮೂರನೆಯ ಪುಟ ದಾಟಿರಲಿಲ್ಲ. ಕವಿಯ ಮಾತು ಅವನಿಗೆ ಹತ್ತಲಿಲ್ಲ. ಆದರೆ ಇದರಲ್ಲಿ ಊರಿನ ಹೆಸರುಗಳಿದ್ದವು. ಊರ ಶಾಲೆಯಲ್ಲಿ ಐದನೆಯ ಕ್ಲಾಸು ಮುಗಿಸಿ ನೇಗಿಲು ಹಿಡಿದವನು ಅವನು. ಮಳೆಗಾಲವಿಡೀ ಮಧ್ಯಾಹ್ನದ ಊಟವಾದ ಮೇಲೆ ಚಾವಡಿಯಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದಿದ. ಒಂದು ಊರಿನ ಕೆರೆ ಯಾರು ತೋಡಿಸಿದರು, ಇನ್ನೊಂದು ಊರಿನ ಹೆಂಗಸೊಬ್ಬಳು ದಾರಿಹೋಕರಿಗೆ ನೀರಿಡಲು ಯಾವ ಗದ್ದೆ ಬಿಟ್ಟಳು, ಎಲ್ಲ ಅದರಲ್ಲಿತ್ತು. ಓದುತ್ತಾ ಓದುತ್ತಾ ಅವನು ತನ್ನ ಊರಿಗೆ ಬಂದು ಮುಟ್ಟಿದ. ಅಲ್ಲಿದ್ದದ್ದು ಎರಡೇ ಸಾಲು. ಇಲ್ಲಿಯ ಒಂದು ಮನೆಯಲ್ಲಿ ಬರಹದ ಕಲ್ಲೊಂದಿದೆ. ಅದನ್ನು ನಾನು ಓದಿಲ್ಲ.

ಚಂದಯ್ಯನಿಗೆ ನೆತ್ತಿಗೇರಿತು. ಮಾರನೆಯ ಬೆಳಿಗ್ಗೆ ಅಂಗಿ ಸಿಕ್ಕಿಸಿಕೊಂಡು ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಹೋದ. ಬಾಡಿಗೆ ಮನೆಯ ಅಂಗಳದಲ್ಲಿ ಯಾರದೋ ಹಿತ್ತಲಿನಿಂದ ಗಾಡಿಯಲ್ಲಿ ತರಿಸಿದ ಒಡಕು ಕಲ್ಲಿತ್ತು. ಅಣ್ಣ ಕಾಗದ ಹಿಡಿದಿದ್ದ, ಅತ್ತಿಗೆ ಕುಟ್ಟುತ್ತಿದ್ದಳು. ಬ್ರಷ್ ಬಿದ್ದಾಗೊಮ್ಮೆ ಅವಳ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಚಂದಯ್ಯ ಚಪ್ಪಲಿಯನ್ನೂ ಬಿಡದೆ ಶುರು ಮಾಡಿದ.

"ಓದಿಲ್ಲ ಅಂತ ಬರುದ್ ಎಂತಕೆ? ತಮ್ಮ ಚಂದಯ್ಯ ಬಿಡ್ಲಿಲ್ಲ ಅಂದೇಳಿ ಬರಿ. ಹೀಂಗೆ ಅರ್ಧಂಬರ್ಧ ಬರ್ದ್ರೆ ಕಂಡವ್ರ್ ಎಂತ ಹೇಳ್ತ್ರ್? ಮಾಸ್ಟ್ರಿಗೆ ಸ್ವಂತ ಮನೆ ಕಲ್ಲ್ ಓದುಕೆ ಸೋಂಬೇರಿತನ ಅಂದೇಳಿ ಹೇಳ್ತ್ರ್."

ಅಣ್ಣ ಅವನನ್ನೇ ನೋಡುತ್ತಿದ್ದ. ಕಾಗದ ಹಿಡಿದ ಕೈ ಹಾಗೇ ಇತ್ತು.

"ನೀ ಅಲ್ಲಿ ತನ್ಕ ಓದಿದ್ಯಾ ಚಂದ?"

"ಓದ್ದೆ ಮತ್ತೆ? ಪುಸ್ತಕ ಕಳ್ಸುದ್ ಅಕ್ಕಿ ಮುಡಿ ಕಟ್ಟುಕಾ?"

"ಕುಸುಮಾ, ಕಾಣ್, ಇವ ನಮ್ಮೂರ್ ತನ್ಕ ಓದಿದ್ನಂಬ್ರ್," ಎಂದ ಮಂಜಯ್ಯ. ಮೈಸೂರಿನ ವಿದ್ವಾಂಸರ ಮಾತು ಬಂದ ದಿನವೂ ಅವನ ಮುಖ ಹಾಗೆ ಆಗಿರಲಿಲ್ಲ ಎಂದು ಅತ್ತಿಗೆ ಆಮೇಲೆ ಹೇಳಿದ್ದಳು.

ಜಗಳ ಅಲ್ಲಿಗೇ ಕುಸಿಯಿತು. ಅತ್ತಿಗೆ ಬಂಗುಡೆ ಸಾರು ಬಡಿಸಿದಳು. ಊಟದ ನಡುವೆ ಅಣ್ಣ, ಮನೆಯ ಜಗಳವನ್ನು ಪುಸ್ತಕದಲ್ಲಿ ಹಾಕಲಾಗುವುದಿಲ್ಲ, ಓದಿಲ್ಲ ಎನ್ನುವುದು ನಿಜ, ಅಷ್ಟು ಸಾಕು ಎಂದ. ಕೈ ತೊಳೆಯುವಾಗ ನಗುತ್ತಾ ಇನ್ನೊಂದು ಮಾತು ಸೇರಿಸಿದ.

"ಇರ್ಲಿ ಬಿಡ್. ಒಂದಿನ ನಾನೂ ಅದ್ರ ಮೇಲೆ ಮಲ್ಗುವನೇ ಅಲ್ದಾ? ಆಗ್ಳಿಕೆ ಬೆನ್ನಂಗೇ ಓದ್ತೆ." ಕೈ ಒರೆಸಿಕೊಳ್ಳುತ್ತಾ, "ಥೋ, ಆಗ್ಳೂ ಓದುಕಾತಿಲ್ಲ ಮರಾಯ. ಅಕ್ಷರ ಅಡಿಗೇ ಇರತ್ತಲ್ದಾ" ಎಂದು ಮತ್ತೆ ನಕ್ಕ.

ಚಂದಯ್ಯ ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನ ಮೇಲೆ ಸುಮ್ಮಸುಮ್ಮನೆ ರೇಗಿದ.

*

ಬ್ರಷ್ ಒಂದು ಕೈಯಲ್ಲಿ ಹಿಡಿದುಕೊಂಡೇ ಚಂದಯ್ಯ ಇನ್ನೊಂದರಲ್ಲಿ ಹಾರೆ ಎತ್ತಿಕೊಂಡ.

"ಗುಡ್ಡ, ಸೋಮನ್ನ ಕರಿ. ಕಲ್ಲ್ ಮಗ್ಚ್ಕ್."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಚಾವಡಿಯ ಮೆಟ್ಟಿಲಲ್ಲಿ ಕೂತಿದ್ದ ಸುಂದರಿ ಎದ್ದು ನಿಂತಳು. ಊರಿನ ಎಷ್ಟೋ ಹೆಣಗಳಿಗೆ ಎಣ್ಣೆ ಹಚ್ಚಿ ನೀರೆರೆದ ಕೈ ಅವಳದು.

"ಚಂದ, ಬಾಯಿ ತೊಳ್ಕೋ. ಹೊಟ್ಟಿಯಂಗಿಪ್ಪು ಹೆಣ್ಣ್ ಇತ್ತ್ ಮನೆಯಂಗೆ."

ಅವಳ ಮಗಳು ಪ್ರಫುಲ್ಲಾ ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ದಿನ ತುಂಬಿತ್ತು. ಮಗುಚಿದ ಕಲ್ಲು ಕೇಳುವುದು ಇನ್ನೊಂದು ಜೀವವನ್ನಲ್ಲವೇ? ಯಾರದ್ದು ಎಂದು ಹೇಳಿ ಕೇಳುತ್ತದೆಯೇ? ತನ್ನನ್ನೇ ಕೇಳಲಿ ಎಂದು ಕೂಗಲು ಚಂದಯ್ಯ ಬಾಯಿ ತೆರೆದಿದ್ದ. ಆದರೆ ಅಕ್ಕನ ಮುಖದಲ್ಲಿ ಹಟ ಇರಲಿಲ್ಲ. ಹೆದರಿಕೆ ಇತ್ತು. ಹೆದರಿದವರ ಮೇಲೆ ಕೂಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಬಾಳೆಎಲೆಯ ಮೇಲಿದ್ದ ಅಣ್ಣನ ಕಡೆ ನೋಡಿದ. ಹಾರೆ ಕೆಳಗಿಟ್ಟ.

"ಬ್ಯಾಡ ಹಾಂಗಾರೆ. ನೀರ್ ತನ್ನಿ."

"ಚಿಕ್ಕ ಮಾವ, ಮಗ್ಚಿ."

ಬಾಗಿಲ ದಾರಂದ ಹಿಡಿದು ಪ್ರಫುಲ್ಲಾ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅತ್ತು ಅತ್ತು ಮುಖ ಊದಿತ್ತು. ಅವಳಿಗೆ ಅಕ್ಷರ ಕಲಿಸಿದ್ದು ದೊಡ್ಡ ಮಾವನೇ, ಇದೇ ಅಂಗಳದಲ್ಲಿ, ಮರಳಿನ ಮೇಲೆ.

"ದೊಡ್ಡ ಮಾವ ಊರ್ ಮೇಲಿನ ಕಲ್ಲೆಲ್ಲ ಮುಟ್ಟಿದ್ರ್. ಯಾವ್ದಾರೂ ಅವ್ರಿಗೆ ಕಚ್ಚಿತಾ? ಅವ್ರ ಮನೆ ಕಲ್ಲ್ ನನ್ನ್ ಮಗುವಿಗೆ ಎಂತ ಮಾಡತ್ತ್?"

"ನಿಂಗೆ ಗೊತ್ತಾತಿಲ್ಲ. ಒಳಗ್ ಹೋಗ್," ಎಂದಳು ಸುಂದರಿ.

"ಹೋತೆ. ಮಗ್ಚಿದ್ ಕಂಡ್ಕಂಡ್ ಹೋತೆ."

ನಾಲ್ಕು ಜನ ಹಾರೆ ಕೊಟ್ಟರು. ಕಲ್ಲು ಒಂದು ಕ್ಷಣ ಅಂಚಿನ ಮೇಲೆ ನಿಂತು, ಅಂಗಳ ನಡುಗುವಂತೆ ಆಚೆ ಮಗ್ಗುಲಿಗೆ ಬಿತ್ತು. ಹಸಿ ಮಣ್ಣು ಮೆತ್ತಿತ್ತು, ಎರೆಹುಳಗಳು ಒದ್ದಾಡುತ್ತಿದ್ದವು. ಗುಡ್ಡ ಕೊಡದಿಂದ ನೀರು ಹೊಯ್ದ, ಚಂದಯ್ಯ ಸಿಪ್ಪೆಯಿಂದ ತಿಕ್ಕಿದ. ಮೇಲ್ಭಾಗದಲ್ಲಿ ಹಳೆಗಾಲದ ಅಕ್ಷರದ ಸಾಲುಗಳು ಕಂಡವು. ಎರಡೂ ಬದಿಯಲ್ಲಿ ಕಂಡವು, ಕಾಲಿನ ಕಡೆಯೂ ಕಂಡವು. ನಡುವೆ ಇರಲಿಲ್ಲ. ನಡುವೆ ಕಲ್ಲು ತಗ್ಗಾಗಿ, ಅಂಗೈ ಜಾರುವಷ್ಟು ನುಣುಪಾಗಿತ್ತು. ಚಂದಯ್ಯ ಇನ್ನೂ ಬಿರುಸಾಗಿ ತಿಕ್ಕಿದ. ನುಣುಪು ನುಣುಪಾಗಿಯೇ ಉಳಿಯಿತು.

ಸುಂದರಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ಆ ತಗ್ಗನ್ನು ಮುಟ್ಟಿದಳು. ಅಂಗೈಯನ್ನು ಮೇಲಿಂದ ಕೆಳಗೆ ಸವರಿದಳು. ಅಗಲವಾದ ಕಡೆ ನಿಂತಳು, ಕಿರಿದಾದ ಕಡೆ ನಿಂತಳು. ಅವಳಿಗೆ ಆ ಅಳತೆ ಗೊತ್ತಿತ್ತು.

"ಇಲ್ಲಿ ಹೆಗಲ್. ಇಲ್ಲಿ ಸೊಂಟ," ಎಂದಳು ತನ್ನಷ್ಟಕ್ಕೆ. ಆಮೇಲೆ, "ಇದ್ರ ಮೇಲೂ ಮೀಸಿದ್ರ್" ಎಂದಳು.

"ಹಾಂಗಾರೆ ಯಾರೋ ಒಬ್ರ್ ಮಗ್ಚಿದ್ರಲ್ದಾ ಅಕ್ಕ?" ಎಂದ ಚಂದಯ್ಯ. ಎಷ್ಟೋ ವರ್ಷಗಳಲ್ಲಿ ಅವನು ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

ಸುಂದರಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗಳಿಗೆ ಒಳಗೆ ಹೋಗಲು ಸನ್ನೆ ಮಾಡಿ, "ನೀರ್ ತಣೀತ್. ಅವನ್ನ ಎತ್ತ್ಕಂಡ್ ಬನ್ನಿ" ಎಂದಳು.

ಪದ್ದು ಶೆಟ್ಟಿ ಕಲ್ಲಿನ ಮೇಲೆ ಬಗ್ಗಿ, ಏನು ಬರೆದದ್ದು ಎಂದು ಕೇಳಿದ. ಕೇಳಿದ ಮೇಲೆ ಅವನೇ ತಲೆಯೆತ್ತಿ ಬಾಳೆಎಲೆಯ ಕಡೆ ನೋಡಿದ. ಉಳಿದವರೂ ಆ ಕಡೆಯೇ ನೋಡುತ್ತಿದ್ದರು.

ಮಂಜಯ್ಯನನ್ನು ಆ ತಗ್ಗಿನಲ್ಲಿ ಮಲಗಿಸಿದರು. ಅಳತೆ ತೆಗೆದು ಮಾಡಿದಂತೆ ಮೈ ಕೂತಿತು. ಹೊಯ್ದ ನೀರು ಮೊದಲು ಅವನ ಹೆಗಲ ಪಕ್ಕದ ಅಕ್ಷರಗಳಲ್ಲಿ ನಿಂತು, ತುಂಬಿ, ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿದು ಕಾಲಿನ ಕಡೆ ಇಳಿಯಿತು. ಕುಸುಮಾವತಿ ಕೊನೆಯ ತಂಬಿಗೆ ಹೊಯ್ದಳು. ಮುದುಕಿಯೊಬ್ಬಳು ಅವಳನ್ನು ಬದಿಗೆ ಕರೆದುಕೊಂಡು ಹೋಗಿ ಬಳೆ ತೆಗೆಸಿದಳು.

ಚಟ್ಟ ಎತ್ತುವಾಗ ಚಂದಯ್ಯ ಬ್ರಷ್ಷನ್ನು ಅಣ್ಣನ ಎದೆಯ ಮೇಲೆ ಇಡಲು ಹೋದ. ಕುಸುಮಾವತಿ ಕೈ ಚಾಚಿ ಹಿಡಿದಳು.

"ಇದ್ ಈಗ ಬ್ಯಾಡ."

*

ಚಿತೆಗೆ ಬೆಂಕಿಯಿಟ್ಟವನು ಚಂದಯ್ಯನೇ. ಹೂ ಬಿಟ್ಟಿದ್ದ ಮಾವಿನ ಮರ. ಹಸಿ ಟೊಂಗೆಗಳು ಹೊಗೆಯಾಡಿ, ಸುಟ್ಟ ಹೂವಿನ ವಾಸನೆ ಗದ್ದೆಯ ಮೇಲೆಲ್ಲ ಹರ‍ಡಿತು. ಉರಿ ಹಿಡಿಯುವ ತನಕ ಅವನು ಎಲ್ಲರ ಮೇಲೂ ರೇಗಿದ. ಸೌದೆ ಒಟ್ಟಿದ್ದು ಸರಿಯಿಲ್ಲ ಎಂದು ಸೋಮನಿಗೆ ಬೈದ, ತುಪ್ಪ ಸಾಲದೆಂದು ಇನ್ನೊಬ್ಬನಿಗೆ ಬೈದ. ಉರಿ ಹಿಡಿದ ಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಮನೆಯ ದಾರಿ ಹಿಡಿದ. ಕಡಲ ಕಡೆ ಹೊತ್ತು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ದೀಪ ಹಚ್ಚುತ್ತಾರೆ, ಕಲ್ಲು ಮರದ ಬುಡಕ್ಕೆ ಹೋಗುತ್ತದೆ. ಮಗುಚಿ ಆದದ್ದೇನು? ಓದುವವನನ್ನು ಸುಟ್ಟು ಬಂದಾಯಿತು.

ಬೇಲಿಯ ದಣಪೆ ದಾಟುವಾಗ ಸದ್ದು ಕೇಳಿಸಿತು. ತಪ್, ತಪ್, ತಪ್. ಅವನಿಗೆ ಗೊತ್ತಿದ್ದ ಸದ್ದು. ಬಳೆಯ ಕಿಣಿಕಿಣಿ ಮಾತ್ರ ಇರಲಿಲ್ಲ.

ಹಾಳೆಗೆ ಹಾಳೆ ಸೇರಿಸಿ ಒದ್ದೆ ಕಾಗದವನ್ನು ಕಲ್ಲಿನ ಉದ್ದಕ್ಕೂ ಹಾಸಿ ಕುಸುಮಾವತಿ ಮೊಣಕಾಲೂರಿ ಕುಟ್ಟುತ್ತಿದ್ದಳು. ಮೆಟ್ಟಿಲಲ್ಲಿ ಸುಂದರಿ ಕೂತಿದ್ದಳು. ಮಡಿಲ ಹತ್ತಿರ ಅನ್ನದ ದೊಡ್ಡ ಪಾತ್ರೆಯನ್ನು ಬೋರಲು ಹಾಕಿಕೊಂಡು, ತೆಂಗಿನ ಚಿಪ್ಪಿನ ಚೂರಿನಿಂದ ಅದರ ತಳದ ಮಸಿ ಕೆರೆಯುತ್ತಿದ್ದಳು.

"ಚೀಲದಂಗಿದ್ದ ಮಸಿ ಸಾಕಾತಿಲ್ಲ ಅಂದ್ಲ್ ಇವ್ಳ್," ಎಂದಳು ತಮ್ಮನ ಮುಖ ನೋಡದೆ.

ಕಡಲ ಗಾಳಿಗೆ ಕಾಗದದ ಮೂಲೆ ಏಳುತ್ತಿತ್ತು. ಕುಸುಮಾವತಿ ತಲೆಯೆತ್ತದೆ ಹೇಳಿದಳು:

"ಆ ಮೂಲೆ ಸ್ವಲ್ಪ ಹಿಡ್ಕಣಿ."

ಚಂದಯ್ಯ ಒದ್ದೆ ಮೈಯಲ್ಲೇ ಮೊಣಕಾಲೂರಿದ. ಅಣ್ಣ ಹಿಡಿಯುತ್ತಿದ್ದ ಹಾಗೆ, ಎರಡು ಬೆರಳಿನಲ್ಲಿ ಅಂಚು ಹಿಡಿದ. ಅವಳು ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೆಲ್ಲಗೆ ಒತ್ತುತ್ತಾ ಬಂದಳು. ಒತ್ತಿದಲ್ಲೆಲ್ಲ ಕಪ್ಪಿನೊಳಗಿನಿಂದ ಬಿಳಿಯ ಗೆರೆಗಳು ಎದ್ದು ಬಂದವು.

"ಇದನ್ನ ಓದುವವ್ರ್ ಯಾರ್ ಇದ್ರ್ ಇನ್ನ್?" ಎಂದು ಕೇಳಿದ.

"ಮೈಸೂರಂಗ್ ಇದ್ರ್. ಕಳ್ಸುವ."

ಗುಡ್ಡ ಹಾರೆ ಹಿಡಿದು ಬಂದು ನಿಂತು, ದೀಪ ಹಚ್ಚುವ ಹೊತ್ತಾಯಿತು, ಕಲ್ಲು ತೆಗೆದುಕೊಂಡು ಹೋಗುವುದಲ್ಲವೇ ಎಂದು ಕೇಳಿದ. ಚಂದಯ್ಯ ಅಕ್ಕನ ಕಡೆ ನೋಡಿದ. ಸುಂದರಿ ಪಾತ್ರೆಯಿಂದ ಕೈ ತೆಗೆಯಲಿಲ್ಲ.

"ಇರ್ಲಿ. ಕಾಗ್ದ ಒಣ್ಗ್ಲಿ," ಎಂದಳು.

ಕಾಗದ ಒಣಗಿ ಕಲ್ಲು ಬಿಟ್ಟಿತು. ಅದನ್ನು ಅಂಗಳದ ಬಟ್ಟೆ ಹಗ್ಗಕ್ಕೆ ಉದ್ದಕ್ಕೆ ಇಳಿಬಿಟ್ಟರು. ಪ್ರಫುಲ್ಲಾ ಚಾವಡಿಯಲ್ಲಿ ದೀಪ ಹಚ್ಚಿಟ್ಟು ಬಾಗಿಲಿಗೆ ಬಂದು ನಿಂತಳು. ಸುತ್ತ ಸಾಲು ಸಾಲಾಗಿ ಬಿಳಿಯ ಅಕ್ಷರ. ನಡುವೆ ಒಂದೂ ಅಕ್ಷರವಿಲ್ಲದ ಕಪ್ಪು, ಹೆಗಲಲ್ಲಿ ಅಗಲವಾಗಿ, ಸೊಂಟದಲ್ಲಿ ಕಿರಿದಾಗಿ, ಆಳುದ್ದಕ್ಕೆ ನಿಂತಿತ್ತು. ಗಾಳಿ ಬಂದಾಗ ಅದು ಮೆಲ್ಲಗೆ ಚಾವಡಿಯ ಕಡೆಗೆ ತಿರುಗಿತು.